ಬೀಗ ಹಾಕಿದ ಮನೆಗೆ 725 ರೂಪಾಯಿ ಬಿಲ್

2025ರ ಜೂನ್‌ನಲ್ಲಿ ನಮ್ಮ ಕೆಳಗಿನ ಮನೆ ಖಾಲಿಯಾಯಿತು. ಬಾಡಿಗೆಯವರಿಗೆ ಬೀದರ್‌ಗೆ ವರ್ಗವಾಗಿತ್ತು. ನಾನೇ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದೆ. ಜುಲೈ ಪೂರ್ತಿ ಮೀಟರ್ ಒಂದು ಯೂನಿಟ್ ಕೂಡ ಓಡಲಿಲ್ಲ. ಆಗಸ್ಟ್‌ನಲ್ಲಿ ಕೈಗೆ ಬಂದ ಬಿಲ್ 725 ರೂಪಾಯಿ.

ಅವ್ವ ಬಿಲ್ ಹಿಡಿದು ಕೇಳಿದಳು: "ಮನಿಗಿ ಬೀಗ ಅದ, ಕರೆಂಟ್ ಯಾರ್ ಸುಟ್ಟಾರೋ ಅಪ್ಪಾ?"

ಯಾರೂ ಸುಟ್ಟಿರಲಿಲ್ಲ. ಬಿಲ್‌ನಲ್ಲಿ ಎರಡು ಸಾಲು ಬೇರೆ ಬೇರೆ ಇರುತ್ತವೆ. ಒಂದು ಬಳಸಿದ ಯೂನಿಟ್‌ನ ಹಣ, ಇನ್ನೊಂದು ನಿಗದಿತ ಶುಲ್ಕ. ಮೊದಲನೆಯದು ಸೊನ್ನೆ ಇತ್ತು. ಎರಡನೆಯದು ನಮ್ಮ ಹೆಸರಲ್ಲಿ ಮಂಜೂರಾದ ಲೋಡ್ ಮೇಲೆ, ಅಂದರೆ ಒಂದೇ ಹೊತ್ತಿಗೆ ಎಷ್ಟು ಕರೆಂಟ್ ಎಳೆಯಲು ಒಪ್ಪಿಗೆ ಇದೆಯೋ ಅದರ ಮೇಲೆ ಬೀಳುತ್ತದೆ. 2025ರ ಏಪ್ರಿಲ್‌ನಿಂದ ಮನೆಗಳಿಗೆ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಆಗಿತ್ತು. ಅದಕ್ಕೂ ಹಿಂದಿನ ವರ್ಷ 120 ಇತ್ತು. ಆ ಮನೆಯ ಲೋಡ್ 5 ಕಿಲೋವ್ಯಾಟ್. ಐದು ಸಲ 145 ಅಂದರೆ 725, ಲೆಕ್ಕ ಸರಿಯಾಗೇ ಇತ್ತು.

ಆದರೂ ಬಳಸದೇ ಇದ್ದದ್ದಕ್ಕೆ ದುಡ್ಡು ಯಾಕೆ? ಇದನ್ನ ಅವ್ವನಿಗೆ ತಿಳಿಸಿ ಹೇಳಲು ನಾನೇ ಮೊದಲು ತಿಳಿಯಬೇಕಾಯಿತು. ರಾಯಚೂರಿನ ಶಕ್ತಿನಗರದ ಸ್ಥಾವರದಲ್ಲೋ ಇನ್ನೆಲ್ಲೋ ಹುಟ್ಟಿದ ಕರೆಂಟ್, ರಾಜ್ಯದಲ್ಲಿ ಕರೆಂಟ್ ಸಾಗಿಸುವ ಕಂಪನಿ ಕೆಪಿಟಿಸಿಎಲ್‌ನ ದೊಡ್ಡ ಗೋಪುರಗಳ ತಂತಿ ಹಿಡಿದು ಬರುತ್ತದೆ. ಸಬ್‌ಸ್ಟೇಷನ್‌ನಲ್ಲಿ 11 ಕೆವಿಗೆ, ಅಂದರೆ 11 ಸಾವಿರ ವೋಲ್ಟ್‌ಗೆ ಇಳಿದು, ನಮ್ಮ ಕಡೆ ಕರೆಂಟ್ ಹಂಚುವ ಕಂಪನಿ ಜೆಸ್ಕಾಂನ ಫೀಡರ್ ಲೈನ್‌ಗೆ ಸೇರುತ್ತದೆ. ನಮ್ಮ ಓಣಿಯ ಮೂಲೆಯ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ, 230 ವೋಲ್ಟ್ ಆಗಿ ಮನೆಗೆ ಬರುತ್ತದೆ. ಈ ತಂತಿ, ಕಂಬ, ಟಿಸಿ, ಲೈನ್‌ಮನ್ ಸಂಬಳ, ಹಾಕಿದ ಬಂಡವಾಳದ ಬಡ್ಡಿ, ಯಾವುದೂ ನಾನು ಸ್ವಿಚ್ ಆಫ್ ಮಾಡಿದ ಕೂಡಲೇ ನಿಲ್ಲುವುದಿಲ್ಲ. 5 ಕಿಲೋವ್ಯಾಟ್ ಬೇಕು ಅಂತ ಬರೆಸಿಕೊಂಡವನಿಗೆ ಯಾವ ಹೊತ್ತಿನಲ್ಲಿ ಕೇಳಿದರೂ ಅಷ್ಟು ಕೊಡಲು ಲೈನ್ ತಯಾರಿರಬೇಕು. ಆ ತಯಾರಿಯ ಖರ್ಚಿನ ಒಂದು ಭಾಗ ಈ ಶುಲ್ಕ. ಪೂರ್ತಿ ಖರ್ಚು ಇದರಲ್ಲಿ ಹುಟ್ಟುವುದಿಲ್ಲ, ಉಳಿದದ್ದು ಯೂನಿಟ್ ದರದೊಳಗೇ ಸೇರಿರುತ್ತದೆ. ಎಷ್ಟು ಅನ್ನುವುದನ್ನ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ತೀರ್ಮಾನಿಸುತ್ತದೆ, ಜನರ ಅಹವಾಲು ಕೇಳಿದ ಮೇಲೆ.

"ಹಂಗಾದ್ರ ಮೊದ್ಲ ಯಾಕ ಬರ್ತಿರಲಿಲ್ಲ?" ಅಂದಳು ಅವ್ವ. ಒಳ್ಳೆ ಪ್ರಶ್ನೆ. ಬಾಡಿಗೆಯವರಿಗೆ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ ಇತ್ತು. ಆ ಯೋಜನೆಯಲ್ಲಿ ಅವರಿಗೆ ಗೊತ್ತು ಮಾಡಿದ್ದ ಮಿತಿಯೊಳಗೆ ಬಳಸಿದ ತಿಂಗಳು ನಿಗದಿತ ಶುಲ್ಕವನ್ನೂ ಸೇರಿಸಿ ಸರ್ಕಾರ ಕಟ್ಟುತ್ತಿತ್ತು. 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ಅವರದೇ. ಕಲಬುರಗಿಯ ಮೇ ತಿಂಗಳಲ್ಲಿ ಹಗಲೂ ರಾತ್ರಿ ಕೂಲರ್ ಓಡಿದರೆ ದಾಟುವುದು ಕಷ್ಟವೇನಲ್ಲ. ಹೋಗುವಾಗ ಅವರು ಈ ಮೀಟರ್‌ಗೆ ಜೋಡಿಸಿದ್ದ ತಮ್ಮ ಆಧಾರ್ ಡಿ-ಲಿಂಕ್ ಮಾಡಿಸಿದರು. ನನ್ನ ಗೃಹಜ್ಯೋತಿ ಮೇಲಿನ ಮನೆಯ ಮೀಟರ್‌ಗೆ ಇದೆ, ಒಬ್ಬರಿಗೆ ಒಂದೇ ಮೀಟರ್. ಹಾಗಾಗಿ ಕೆಳಗಿನದ್ದು ನನ್ನ ಕಿಸೆಗೆ ಬಂತು. ಹೊಲದ ಪಂಪ್‌ಸೆಟ್‌ದೂ ಹೀಗೇ ಅಲ್ವಾ, 10 ಎಚ್‌ಪಿವರೆಗೆ ರೈತ ಕಟ್ಟುವುದಿಲ್ಲ, ಸರ್ಕಾರ ಕಟ್ಟುತ್ತದೆ. ತಂತಿಯ ಖರ್ಚು ಎಲ್ಲೂ ಮಾಯವಾಗುವುದಿಲ್ಲ, ಕಟ್ಟುವ ಕೈ ಮಾತ್ರ ಬದಲಾಗುತ್ತದೆ.

ನನಗೆ ನೋವಾದದ್ದು ಬೇರೆ ವಿಷಯಕ್ಕೆ. ಈ 5 ಕಿಲೋವ್ಯಾಟ್ ಯಾರು ಕೇಳಿದ್ದರು? ಮನೆ ಕಟ್ಟಿದಾಗ ವೈರಿಂಗ್ ಗುತ್ತಿಗೆದಾರರು "ಮುಂದೆ ಬೇಕಾಗ್ತದ" ಅಂತ ಸುಮ್ನೆ ಅರ್ಜಿಯಲ್ಲಿ ಬರೆದರು. ಅಪ್ಪ ನಂಬಿ ಸಹಿ ಹಾಕಿದರು. ಎಷ್ಟೋ ವರ್ಷ ಯಾರೂ ಅದನ್ನ ತಿರುಗಿ ನೋಡಲಿಲ್ಲ.

ಲೋಡ್ ಇಳಿಸಬೇಕು, ಆದರೆ ಎಷ್ಟಕ್ಕೆ? ಅಂದಾಜು ಬೇಡ ಅನಿಸಿತು. ನಮ್ಮ ಮೇಲಿನ ಮನೆಯೂ ಅಷ್ಟೇ ದೊಡ್ಡದು. ಅದರ ಮೀಟರ್‌ನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತವೆ. ಅದರಲ್ಲಿ ಎಂಡಿ ಅಂತ ಒಂದು ಬರುತ್ತದೆ, ಆ ತಿಂಗಳು ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚಿನ ಲೋಡ್. ಪ್ರತಿ ತಿಂಗಳು ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ಮಳೆಗಾಲದಲ್ಲಿ 1.4, 1.6 ಕಿಲೋವ್ಯಾಟ್. ಚಳಿಯಲ್ಲಿ ಬೆಳಿಗ್ಗೆ ಗೀಸರ್, ನೀರಿನ ಮೋಟಾರ್ ಕೂಡಿದ ದಿನ 2.7. ಅದಕ್ಕಿಂತ ಮೇಲೆ ಹೋಗಲೇ ಇಲ್ಲ. ಗೀಸರ್ ಒಂದೇ 2 ಕಿಲೋವ್ಯಾಟ್ ಎಳೆಯುತ್ತದೆ, ಕೂಲರ್ ಅದರ ಹತ್ತನೇ ಒಂದು ಭಾಗವೂ ಕಷ್ಟ. ಕೂಲರ್ ಯೂನಿಟ್ ಜಾಸ್ತಿ ಮಾಡುತ್ತದೆ, ಎಂಡಿ ಏರಿಸುವುದು ಗೀಸರ್.

3 ಕಿಲೋವ್ಯಾಟ್ ಸಾಕು ಅಂತ ಗಟ್ಟಿಯಾಯಿತು. 2ಕ್ಕೆ ಇಳಿಸುವ ಆಸೆ ಇತ್ತು, ಬಿಟ್ಟೆ. ಮಂಜೂರಾದದ್ದನ್ನ ಮೀರಿದರೆ ದಂಡ ಬೀಳುತ್ತದೆ. ಅರ್ಜಿ, ಹಳೆ ಬಿಲ್, ಗುರುತಿನ ದಾಖಲೆ ಕೊಟ್ಟು ಬಂದೆ. ಬಾಕಿ ಇದ್ದ ಬಿಲ್‌ಗಳನ್ನ ಮೊದಲೇ ಕಟ್ಟಿದ್ದೆ. ಮುಂದಿನ ಬಿಲ್‌ನಲ್ಲಿ ನಿಗದಿತ ಶುಲ್ಕ 435 ಬಂತು. ತಿಂಗಳಿಗೆ 290 ಉಳಿಯಿತು.

ಈಗ ಹೊಸ ಬಾಡಿಗೆಯವರು ಬಂದಿದ್ದಾರೆ. ಮೊದಲ ದಿನವೇ ಆ ತಾಯಿ ಕೇಳಿದರು, "ಅಣ್ಣಾರ, ಎಸಿ ಹಾಕಸ್ಬಹುದೇನ್ರಿ?" ಹಾಕಿಸ್ರಿ ಅಕ್ಕಾರ, ಆದರೆ ಎಸಿ, ಗೀಸರ್ ಎರಡೂ ಒಮ್ಮೆಗೇ ಹಚ್ಚಬೇಡ್ರಿ ಅಂತ ಹೇಳಿ, ಮೀಟರ್ ಹತ್ತಿರ ಕರೆದುಕೊಂಡು ಹೋಗಿ ಎಂಡಿ ಎಲ್ಲಿ ಬರುತ್ತದೆ ಅಂತ ತೋರಿಸಿದೆ.