ಹೊಸ ದೇಶದಲ್ಲಿ ನಾನು ಹಿಡಿದ ಸಣ್ಣ ಕೆಲಸ

ಹೊಸ ದೇಶಕ್ಕೆ ಬಂದವರಿಗೆ ಎಲ್ಲರೂ ಹೇಳುವುದು ಒಂದೇ: "ಹೊಂದಿಕೊಂಡು ಹೋಗಿ." ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನಗೆ ದಾರಿ ಸಿಕ್ಕಿದ್ದು ಮನೆ ಹತ್ತಿರದ ಸಾರ್ವಜನಿಕ ಲೈಬ್ರರಿಯಲ್ಲಿ.

ಅಲ್ಲಿ ಸ್ವಯಂಸೇವೆಗೆ ಹೆಸರು ಕೊಟ್ಟೆ. ಓದಿ ವಾಪಸ್ ಬಂದ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಒಯ್ದು ಕಪಾಟಿಗೆ ಸೇರಿಸುವ ಕೆಲಸ. ಪುಸ್ತಕದ ಬೆನ್ನಿಗೆ ನಂಬರ್ ಚೀಟಿ ಅಂಟಿಸಿರುತ್ತಾರೆ. 1876ರಲ್ಲಿ ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ, ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುವ ಕ್ರಮ ಅದು: 400 ಅಂದರೆ ಭಾಷೆ, 500 ವಿಜ್ಞಾನ, 900 ಚರಿತ್ರೆ, ಭೂಗೋಳ. ದಶಮಾಂಶದ ಲೆಕ್ಕದಲ್ಲಿ 512.56 ಮೊದಲು, 512.9 ಆಮೇಲೆ. ಮಾತು ತಡವರಿಸಿದರೂ ಈ ಕೆಲಸ ನಿಲ್ಲುತ್ತಿರಲಿಲ್ಲ.

ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಹೋಗುತ್ತಿದ್ದೆ. ಇದು ಬಹಳ ಮುಖ್ಯ. ಅವೇ ಮುಖಗಳು ಮತ್ತೆ ಮತ್ತೆ ಎದುರಾದರೆ ತಾನಾಗಿ ಮಾತು ಶುರುವಾಗುತ್ತದೆ. ಒಂದು ಸಲ ಒಬ್ಬ ಅಜ್ಜಿ ಮೇಲಿನ ಸಾಲಿನ ಪುಸ್ತಕ ತೆಗೆದುಕೊಡಿ ಅಂದರು. ಮುಂದಿನ ವಾರ ಕೌಂಟರ್ ದಾಟಿ ಸೀದಾ ನನ್ನ ಹತ್ತಿರ ಬಂದರು, ಅದರ ಮುಂದಿನ ಭಾಗ ಇದೆಯಾ ಅಂತ ಕೇಳಲು. ನಾನು ಎಲ್ಲಿಂದ ಬಂದವಳು ಅನ್ನುವುದು ಅವರಿಗೆ ಬೇಕಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಪುಸ್ತಕವನ್ನು ಹುಡುಕಿಕೊಟ್ಟೇ ತೀರಿದೆ.

ಇಂಥ ಅರೆಪರಿಚಯಗಳ ಬೆಲೆ ದೊಡ್ಡದು. ನಮ್ಮ ಬಳಗಕ್ಕೆ ಗೊತ್ತಿಲ್ಲದ ಸುದ್ದಿ ಬರುವುದೇ ಅಂಥವರಿಂದ ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಭಾಷೆ ಕಲಿಸುವ ತರಗತಿಯ ವಿಷಯ ನನಗೆ ಗೊತ್ತಾಗಿದ್ದೂ ಹಾಗೇ.

ಹಾಗಂತ ನಮ್ಮದನ್ನು ಬಿಡಬೇಕಾ? ಖಂಡಿತ ಬೇಡ. ಮನೋವಿಜ್ಞಾನಿ ಜಾನ್ ಬೆರ್ರಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ: ನಮ್ಮತನ ಉಳಿಸಿಕೊಳ್ಳುತ್ತೇವಾ? ಹೊಸ ಸಮಾಜದಲ್ಲಿ ಬೆರೆಯುತ್ತೇವಾ? ಎರಡಕ್ಕೂ ಹೌದು ಅನ್ನಬಹುದು. ಆದರೆ ಅಲ್ಲಿನವರೂ ಜಾಗ ಬಿಟ್ಟುಕೊಡಬೇಕು ಅಂತಲೂ ಅವರು ಹೇಳುತ್ತಾರೆ. ಈ ಮಾತನ್ನು ಜನ ಮರೆತೇಬಿಡುತ್ತಾರೆ, ಅಲ್ವಾ? ಹೊಂದಿಕೊಳ್ಳುವ ಭಾರವೆಲ್ಲ ಬಂದವರ ತಲೆ ಮೇಲೆ ಹಾಕುವುದು ನ್ಯಾಯವಲ್ಲ. ನಾನಂತೂ ಮನೆಯಲ್ಲಿ ತಾಯಿನುಡಿ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಈಗ ಹೊಸಬರು ಕೇಳಿದರೆ, ಸುಮ್ನೆ ಕೂರಬೇಡಿ, ನಾಲ್ಕು ಜನಕ್ಕೆ ಬೇಕಾಗುವ ಒಂದು ಸಣ್ಣ ಕೆಲಸ ಹಿಡಿಯಿರಿ ಅನ್ನುತ್ತೇನೆ. ಅದಕ್ಕೂ ಮೊದಲು ವೀಸಾ ನಿಯಮ ಓದಿಕೊಳ್ಳಿ. ಕೆಲವು ದೇಶಗಳಲ್ಲಿ ಸಂಬಳವಿಲ್ಲದ ಕೆಲಸಕ್ಕೂ ಕಟ್ಟುಪಾಡುಗಳಿವೆ.