ಕಲಬುರಗಿಯಲ್ಲೇ ಕೂತು ಕಡಲೊಳಗಿನ ಅಲೆ ಅಳೆಯುವುದು ಹೇಗೆ?

ಕಡಲು ನಮಗೆ ದೂರ. ಆದರೂ ಕಲಬುರಗಿಯ ಕಾಲೇಜು ಮಕ್ಕಳು ಇಲ್ಲೇ ಕೂತು ಅಂಡಮಾನ್ ಸಮುದ್ರದ ಒಳಗೆ ಸಾಗುವ ಅಲೆಯ ವೇಗ ಲೆಕ್ಕ ಹಾಕಬಹುದು. ಕಂಪ್ಯೂಟರ್, ಇಂಟರ್ನೆಟ್ ಇದ್ದರೆ ಸಾಕು. ಉಪಗ್ರಹದ ಚಿತ್ರಗಳು ಉಚಿತ.

ಕಡಲಲ್ಲಿ ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು. ನಿಕೋಬಾರ್ ಸುತ್ತಲಿನ ಮುಳುಗಿದ ದಿಬ್ಬಗಳ ಮೇಲೆ ಭರತ-ಇಳಿತದ ನೀರು ಹಾಯುವಾಗ ಈ ಪದರಗಳ ನಡುವೆ ಅಲೆ ಏಳುತ್ತದೆ. ಎತ್ತರ 60 ಮೀಟರ್ ದಾಟುವುದೂ ಉಂಟು. ಆದರೆ ಕಡಲ ಮೇಲ್ಮೈ ಅಷ್ಟಾಗಿ ಏರುವುದಿಲ್ಲ. ಹಾಗಾದರೆ ಉಪಗ್ರಹಕ್ಕೆ ಏನು ಕಾಣುತ್ತದೆ?

ಶರಣಬಸವೇಶ್ವರ ಕೆರೆ ದಂಡೆಯಲ್ಲಿ ನಿಂತು ನೋಡಿ. ಗಾಳಿ ತಾಗಿದ ಕಡೆ ನೀರು ಸುಕ್ಕುಗಟ್ಟಿರುತ್ತದೆ, ಉಳಿದ ಕಡೆ ನಯ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರಾಡಾರ್ (ರೇಡಿಯೊ ಅಲೆ ಕಳಿಸಿ, ಮರಳಿದ್ದನ್ನು ಚಿತ್ರವಾಗಿಸುವ ಯಂತ್ರ) ಹಿಡಿಯುವುದು ಇಂಥ ನಾಲ್ಕೈದು ಸೆಂಟಿಮೀಟರ್‌ನ ಸುಕ್ಕನ್ನೇ. ಒಳಗಿನ ಅಲೆ ಸಾಗುವಾಗ ಮೇಲಿನ ನೀರು ಒಂದೆಡೆ ಒತ್ತಿಕೊಳ್ಳುತ್ತದೆ. ಅಲ್ಲಿ ಸುಕ್ಕು ಜಾಸ್ತಿ, ಚಿತ್ರದಲ್ಲಿ ಬಿಳಿ ಪಟ್ಟಿ. ನೀರು ಹರಡಿಕೊಳ್ಳುವ ಕಡೆ ಕಪ್ಪು ಪಟ್ಟಿ. ಮೋಡವಿರಲಿ, ರಾತ್ರಿಯಿರಲಿ, ರಾಡಾರ್‌ಗೆ ಅಡ್ಡಿಯಿಲ್ಲ.

ಈಗ ಕೆಲಸಕ್ಕೆ ಬನ್ನಿ. ಈ ಚಿತ್ರಗಳು ಸಿಗುವ ‘ಕೊಪರ್ನಿಕಸ್ ಬ್ರೌಸರ್’ ಜಾಲತಾಣ ತೆರೆದು ಖಾತೆ ಮಾಡಿಕೊಳ್ಳಿ. ಸೆಂಟಿನೆಲ್-1 ಆರಿಸಿ, ‘ಐಡಬ್ಲ್ಯೂ’ (IW, ಅಗಲ ಜಾಗ ಹಿಡಿಯುವ ಬಗೆ) ಮತ್ತು ‘ವಿವಿ’ (VV, ರಾಡಾರ್ ಅಲೆಯನ್ನು ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆಯುವ ಬಗೆ) ಆಯ್ಕೆ ಮಾಡಿ. ನಕ್ಷೆಯಲ್ಲಿ ನಿಕೋಬಾರ್ ಮತ್ತು ಥಾಯ್ಲೆಂಡ್ ನಡುವಿನ ಜಾಗಕ್ಕೆ ಹೋಗಿ. ಮಾರ್ಚ್-ಏಪ್ರಿಲ್ ದಿನಾಂಕಗಳಿಂದ ಶುರು ಮಾಡಿ, ಆಗ ಅಲ್ಲಿ ಗಾಳಿ ಕಡಿಮೆ. ಗಾಳಿ ಜೋರಾದರೆ ಪಟ್ಟಿಗಳು ಅಳಿಸಿಹೋಗುತ್ತವೆ. ಗಾಳಿ ಪೂರ್ತಿ ನಿಂತರೂ ಕಷ್ಟವೇ, ಇಡೀ ಕಡಲು ಕಪ್ಪಾಗಿ ಕಾಣುತ್ತದೆ.

ಬಿಲ್ಲಿನಂತೆ ಬಾಗಿದ ಪಟ್ಟಿಗಳ ಗುಂಪು ಹುಡುಕಿ. ಸಾಮಾನ್ಯವಾಗಿ ಮುಂದಿನ ಪಟ್ಟಿಯೇ ಎಲ್ಲಕ್ಕಿಂತ ಉದ್ದ, ಹಿಂದಿನವು ಸಣ್ಣವಾಗುತ್ತ ಹತ್ತಿರ ಬರುತ್ತವೆ. ಒಂದೇ ಪಟ್ಟಿ ಇಲ್ಲಿಂದ ಬೀದರ್‌ವರೆಗಿನಷ್ಟು ಉದ್ದ ಚಾಚಿರುವುದೂ ಉಂಟು! ಹಡಗಿನ ಜಾಡು, ಎಣ್ಣೆ ಕಲೆ, ಮಳೆಯ ಗುರುತು ನೋಡಿ ಮೋಸಹೋಗಬೇಡಿ. ಅವು ಹೀಗೆ ಸಾಲಾಗಿ ನಿಲ್ಲುವುದಿಲ್ಲ.

ನನಗೆ ತುಂಬಾ ಇಷ್ಟವಾಗುವ ಹಂತ ಇದು. ಭರತ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಬರುತ್ತದೆ, ಹೆಚ್ಚಾಗಿ ಒಂದೊಂದು ಭರತಕ್ಕೂ ಒಂದೊಂದು ಗುಂಪು. ಒಂದೇ ಜಾಗದಿಂದ ಹೊರಟ ಎರಡು ಗುಂಪುಗಳ ಮುಂದಿನ ಪಟ್ಟಿಗಳ ನಡುವಿನ ದೂರ ಅಳೆಯಿರಿ. 90 ಕಿಲೋಮೀಟರ್ ಬಂತು ಅನ್ನಿ. ಅದನ್ನು ಆ ಸಮಯದಿಂದ ಭಾಗಿಸಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಒಂದೇ ಚಿತ್ರದಲ್ಲಿ ವೇಗ ಸಿಕ್ಕಿತಲ್ವಾ?

ಅಲೆಯ ಎತ್ತರ ಮಾತ್ರ ಚಿತ್ರದಿಂದ ನೇರವಾಗಿ ಸಿಗದು. ಅದಕ್ಕೆ ಆಳಕ್ಕೆ ತಕ್ಕಂತೆ ನೀರಿನ ಉಷ್ಣತೆ, ಉಪ್ಪಿನ ಅಂಶ ಎಷ್ಟೆಂದು ತಿಳಿಯಬೇಕು. ಕಡಲಲ್ಲಿ ತೇಲುವ ಆರ್ಗೊ ಯಂತ್ರಗಳು ಅದನ್ನು ಅಳೆಯುತ್ತವೆ. ಆ ಮಾಹಿತಿಯೂ ಉಚಿತ.