ಗೊತ್ತಿರುವ ದನಿ ಹಿಡಿದು ಗೊತ್ತಿಲ್ಲದ ಹಾಡಿಗೆ

ಅಂಕೋಲಾದಿಂದ ಕೆಲಸಕ್ಕೆಂದು ಮುಂಬೈಗೆ ಬಂದಾಗ ನನಗೆ ಗೊತ್ತಿದ್ದದ್ದು ಯಕ್ಷಗಾನ, ದಾಸರ ಪದ, ವಿವಿಧ ಭಾರತಿಯ ಸಿನಿಮಾ ಹಾಡು, ಅಷ್ಟೇ. ಈಗ ಮನೆಯಲ್ಲಿ ಬೆಳಿಗ್ಗೆ ಮರಾಠಿ ಸಂತರ ಅಭಂಗ, ಸಂಜೆ ಪಿಟೀಲು, ರಾತ್ರಿ ಹಿಂದೂಸ್ತಾನಿ ಖಯಾಲು. ಇಷ್ಟೆಲ್ಲ ಹೇಗೆ ರುಚಿ ಹತ್ತಿತು ಅಂತ ಕೇಳುವವರಿದ್ದಾರೆ. ಗುಟ್ಟೇನೂ ಇಲ್ಲ. ಗೊತ್ತಿಲ್ಲದ ಸಂಗೀತಕ್ಕೆ ನಾನು ಬರಿಗೈಯಲ್ಲಿ ಹೋಗುವುದಿಲ್ಲ. ನನಗೆ ಪರಿಚಯ ಇರುವುದೇನಾದರೂ ಅದರಲ್ಲಿದೆಯಾ ಅಂತ ಹುಡುಕಿ, ಅದನ್ನು ಹಿಡಿದುಕೊಂಡೇ ಕೂರುತ್ತೇನೆ.

ಮೊದಲು ಹಾಗೆ ಸಿಕ್ಕಿದ್ದು ಲೋಕಲ್ ರೈಲಿನಲ್ಲಿ. ಡೊಂಬಿವಲಿಯಿಂದ ವಿ.ಟಿ.ಗೆ ಹೋಗುವ ಬೆಳಗಿನ ಗಾಡಿಯಲ್ಲಿ ಒಂದು ಭಜನಾ ಮಂಡಳಿ ಇರುತ್ತಿತ್ತು. ಎಲ್ಲರೂ ಆಫೀಸಿಗೆ ಹೋಗುವವರೇ. ಬ್ಯಾಗು ಮೇಲಕ್ಕೆ, ತಾಳ ಕೈಗೆ. ಢೋಲಕಿ ತಂದಿರದ ದಿನ ಡಬ್ಬಿಯ ಗೋಡೆ ಬಡಿಯುತ್ತಿದ್ದರು. ನನ್ನ ಮರಾಠಿ ಆಗ ಅಷ್ಟಕ್ಕಷ್ಟೆ. ಆದರೆ ವಿಠ್ಠಲನ ಹೆಸರು ಬಂದಾಗ ಬಾಯಿ ತಾನಾಗಿ ಸೇರುತ್ತಿತ್ತು. ಪುರಂದರದಾಸರ ಅಂಕಿತದಲ್ಲಿರುವವನೂ ಅವನೇ ಅಲ್ವಾ? ಜ್ಞಾನೇಶ್ವರರ ಒಂದು ಅಭಂಗದಲ್ಲಿ ವಿಠ್ಠಲ ಕನ್ನಡದವನು, ಕರ್ನಾಟಕದವನು ಅಂತಲೇ ಇದೆ. ತಾಳದವರೊಬ್ಬರು ಅದನ್ನು ಹೇಳಿ, "ತುಮಚಾಚ ದೇವ ಆಹೆ, ಬಸಾ" (ನಿಮ್ಮದೇ ದೇವರು, ಕೂರಿ) ಅಂತ ಸರಿದು ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟು ಕೊಟ್ಟರು. ಮುಂಬೈಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಅಭಂಗದಿಂದ ಖಯಾಲಿಗೆ ದಾಟಿಸಿದ್ದು ಭೀಮಸೇನ ಜೋಶಿಯವರು. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದವರು. ಮರಾಠಿಯಲ್ಲಿ ಸಂತವಾಣಿ ಹಾಡಿದರು, ಕನ್ನಡದಲ್ಲಿ ದಾಸವಾಣಿ. ಎರಡನ್ನೂ ಕೇಳಿ ಕೇಳಿ ದನಿ ಮನೆಯವರದ್ದೇ ಅನ್ನಿಸಿತ್ತು. ಇನ್ನು ಅದೇ ದನಿ ಒಂದೇ ರಾಗವನ್ನು ಮುಕ್ಕಾಲು ಗಂಟೆ ಹಾಡಿದರೂ ಕೂರಬಹುದು ಅಂದುಕೊಂಡೆ. ಕೂತೆ, ಆದರೆ ವಿಲಂಬಿತದಲ್ಲಿ, ಅಂದರೆ ನಿಧಾನದ ಭಾಗದಲ್ಲಿ, ಕಣ್ಣು ಎಳೆಯುತ್ತಿತ್ತು.

ಉಪಾಯ ಸಿಕ್ಕಿದ್ದು ತಬಲಾದಲ್ಲಿ. ವಿಲಂಬಿತ ಖಯಾಲನ್ನು ಜಾಸ್ತಿ ಹಾಡುವುದು ಏಕತಾಲದಲ್ಲಿ. 12 ಮಾತ್ರೆ, ಅಂದರೆ 12 ಎಣಿಕೆಯ ತಾಳ. ಅಷ್ಟು ನಿಧಾನದಲ್ಲಿ ಬೆರಳೆಣಿಸಲು ಹೋದರೆ ಎಲ್ಲೋ ತಪ್ಪುತ್ತದೆ. ಎಣಿಸಲೇಬೇಡಿ. "ತಿರಕಿಟ" ಅನ್ನುವ ಬೋಲಿಗೆ, ಅಂದರೆ ತಬಲಾದ ನುಡಿಗೆ, ಕಿವಿ ಕೊಡಿ. ತಾಳದ ಒಂದು ಸುತ್ತಿನಲ್ಲಿ ಅದು ಎರಡು ಸಲ ಬರುತ್ತದೆ, 4ನೇ ಮತ್ತು 10ನೇ ಮಾತ್ರೆಗೆ. ಮೊದಲನೆಯದರ ನಂತರ "ತೂ ನಾ". ಅದು ಒಣ ದನಿ. ಎರಡನೆಯದರ ನಂತರ "ಧೀ ನಾ". ಆ "ಧೀ"ಯಲ್ಲಿ ಎಡಗೈಯ ಡಗ್ಗಾ ಗುಂಯ್ ಅನ್ನುತ್ತದೆ. ಅದಾದ ಕೂಡಲೇ ಸಮ್, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆ. ಗಾಯಕರು ಎಲ್ಲೆಲ್ಲೋ ಸುತ್ತಾಡಿ ಸರಿಯಾಗಿ ಅಲ್ಲಿಗೇ ಬಂದು ಇಳಿಯುತ್ತಾರೆ. ಇಳಿಯುವುದನ್ನು ಕಾಯಲು ಕಲಿತ ಮೇಲೆ ನಿದ್ದೆ ಎಲ್ಲಿ ಬಂತು!

ಕರ್ನಾಟಕ ಸಂಗೀತಕ್ಕೆ ಮಾಟುಂಗಾದ ಮೈಸೂರು ಅಸೋಸಿಯೇಷನ್ ಇತ್ತು, ಷಣ್ಮುಖಾನಂದ ಸಭಾಗೃಹ ಇತ್ತು. ರಾಗಗಳ ಜೋಡಿ ಹಿಡಿದುಕೊಂಡೆ: ಹಿಂದೂಸ್ತಾನಿಯ ಮಾಲಕಂಸ್ ಗೊತ್ತಿದ್ದರೆ ಕರ್ನಾಟಕದ ಹಿಂದೋಳ, ಯಮನ್ ಗೊತ್ತಿದ್ದರೆ ಕಲ್ಯಾಣಿ. ಸ್ವರ ಅವೇ, ನಡಿಗೆ ಬೇರೆ. ಇದು ಸುಲಭವಾಗಿ ಹತ್ತಿತು.

ಪಾಶ್ಚಾತ್ಯ ಸಂಗೀತ ಮಾತ್ರ ಸತಾಯಿಸಿತು. ನರಿಮನ್ ಪಾಯಿಂಟಿನ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಶುರುವಾಯಿತು. ಹೋದೆ. ಅವರ ಮೇಜರ್ ಸ್ಕೇಲ್ ಅಂದರೆ ನಮ್ಮ ಶಂಕರಾಭರಣದ ಸ್ವರಗಳೇ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಗೇ "ಸಂತತಂ ಪಾಹಿಮಾಂ" ಅಂತ ಸಾಹಿತ್ಯ ಕೂರಿಸಿದ್ದಾರೆ. ಅಷ್ಟು ನಂಟು ಸಾಕು ಅಂದುಕೊಂಡಿದ್ದೆ. ಸಾಲಲಿಲ್ಲ. ತಂಬೂರಿ ಇಲ್ಲ, ಆಧಾರದ "ಸ", ಅಂದರೆ ಷಡ್ಜ, ಒಂದೇ ಕಡೆ ನಿಲ್ಲುವುದಿಲ್ಲ, ಮಧ್ಯೆ ಮನೆಯೇ ಬದಲಾಗುತ್ತದೆ. ತೊಡೆಯ ಮೇಲೆ ತಾಳ ಹಾಕಿದರೆ ಪಕ್ಕದವರು ನೋಡುತ್ತಾರೆ. ಕೊನೆಗೆ ಮೇಲಿನ ಪಿಟೀಲುಗಳನ್ನು ಬಿಟ್ಟು ತಳದ ತಗ್ಗು ದನಿಯ ಚೆಲ್ಲೊ, ಡಬಲ್ ಬಾಸ್ ಎರಡನ್ನೇ ಕೇಳುತ್ತಾ ಕೂತೆ. ತಳ ಎಲ್ಲಿಗೆ ಸರಿಯಿತು ಅಂತ ತಿಳಿದರೆ ಮೇಲಿನದ್ದು ಗೋಜಲು ಅನ್ನಿಸುವುದಿಲ್ಲ. ಇವತ್ತಿಗೂ ಇಡೀ ಸಿಂಫನಿಗಿಂತ ನಾಲ್ಕೇ ಜನ ನುಡಿಸುವ ಕ್ವಾರ್ಟೆಟ್ ನನಗೆ ವಾಸಿ.

ಎಲ್ಲವೂ ಹತ್ತಿದೆ ಅಂತಲ್ಲ. ಗಣಪತಿ ಮೆರವಣಿಗೆಯ ಡಿಜೆ ಬಂದರೆ ಕಿಟಕಿ ಹಾಕುತ್ತೇನೆ.

ಸದ್ಯ ಗೋವಾದ ಕೊಂಕಣಿ ಹಾಡು ಮಾಂಡೊ ಕೇಳುತ್ತಿದ್ದೇನೆ. ದಾರಿ ತೋರಿಸಿದ್ದು ಹಳೇ ಹಿಂದಿ ಸಿನಿಮಾ ಹಾಡುಗಳು. ಅವುಗಳ ಪಿಟೀಲಿನ ಸಾಲುಗಳಲ್ಲಿ ಎಷ್ಟೋ ಜನ ಗೋವಾದವರು. ಸಂಗೀತ ನಿರ್ದೇಶಕ ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದ ಆಂಥನಿ ಗೊನ್ಸಾಲ್ವಿಸ್ ಕೂಡ ಅಲ್ಲಿಯವರೇ. ಮಾಂಡೊದಲ್ಲಿ ಪಿಟೀಲಿನ ಜೊತೆ ಘುಮಟ್ ಇರುತ್ತದೆ. ನೋಡಿದರೆ ನಮ್ಮೂರ ಗುಮಟೆ! ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ತೆರೆದು ದನಿ ಏರಿಳಿಸುವುದು. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು, ಅದಕ್ಕೆ ಕಾನೂನು ಬಂದ ಮೇಲೆ ಆಡಿನದ್ದು. ಮಾಂಡೊ ಬಲು ನಿಧಾನ, ಹೆಚ್ಚಾಗಿ ವಿರಹ. ಅದು ಮುಗಿದ ಮೇಲೆ ವೇಗದ ದುಲ್ಪದ್ ಬರುತ್ತದೆ. ನನಗೆ ಅದೇ ಜಾಸ್ತಿ ಇಷ್ಟ.